ಜರ್ಮನಿಗೆ ಹೊರಟಿದ್ದೀರಾ? ಹೆಸರು, ಲೈಸೆನ್ಸ್ ಎರಡನ್ನೂ ಊರಲ್ಲೇ ಸರಿ ಮಾಡಿಕೊಳ್ಳಿ

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನವನು, ಮೆಕ್ಯಾನಿಕಲ್ ಎಂಜಿನಿಯರ್. ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ ಕೆಲಸ ಸಿಕ್ಕಿದೆ, ಬ್ಲೂ ಕಾರ್ಡ್ (ಡಿಗ್ರಿ ಓದಿ ಕೆಲಸಕ್ಕೆ ಬರುವ ವಿದೇಶಿಯರಿಗೆ ಕೊಡುವ ವಾಸದ ಅನುಮತಿ) ಮೇಲೆ ಹೋಗುತ್ತಿದ್ದೇನೆ. ಹೆಂಡತಿ ಮತ್ತು ಒಂದೂವರೆ ವರ್ಷದ ಮಗಳು ಆಮೇಲೆ ಬರುತ್ತಾರೆ. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದೆ, ಮಾರ್ಕ್ಸ್ ಕಾರ್ಡಲ್ಲಿ ಇನಿಷಿಯಲ್ ಮಾತ್ರ ಇದೆ. ವೀಸಾ ಅಪಾಯಿಂಟ್‌ಮೆಂಟ್ ಇನ್ನೂ ತಗೊಂಡಿಲ್ಲ. ಡ್ರೈವಿಂಗ್ ಲೈಸೆನ್ಸ್ ಇನ್ನು ಹತ್ತು ತಿಂಗಳಿಗೆ ಮುಗಿಯುತ್ತದೆ. ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡು ಹೋದರೆ ಸಾಕಾ? ಎಲ್ಲ ಕಾಗದಕ್ಕೂ ಅಪೋಸ್ಟಿಲ್ (ಬೇರೆ ದೇಶದಲ್ಲಿ ಒಪ್ಪಲಿ ಅಂತ ಅಂಟಿಸುವ ದೃಢೀಕರಣದ ಸ್ಟಿಕ್ಕರ್) ಆಗಲೇಬೇಕು ಅಂತ ಬೆಂಗಳೂರಿನ ಏಜೆಂಟ್ ಹೇಳುತ್ತಿದ್ದಾರೆ, ನಿಜವಾ? ಹೆಂಡತಿಗೆ ಲೈಸೆನ್ಸ್ ಇಲ್ಲ, ಅಲ್ಲೇ ಹೋಗಿ ಮಾಡಿಸಬಹುದಾ?

ಉತ್ತರ: ನೀವು ಹೊರಡುವ ಮುಂಚೆ ಕೇಳಿದ್ದು ಒಳ್ಳೆಯದಾಯಿತು. ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನ ಅಲ್ಲಿಗೆ ಹೋಗಿ ಸಿಕ್ಕಿಹಾಕಿಕೊಂಡ ಮೇಲೆ ಫೋನ್ ಮಾಡುತ್ತಾರೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬಸ್ ಹತ್ತಿ ಒಂದು ದಿನದಲ್ಲಿ ಮುಗಿಸಬಹುದಾದ ಕೆಲಸ ಅಲ್ಲಿಂದ ಮಾಡಿಸಲು ತಿಂಗಳುಗಟ್ಟಲೆ ಹಿಡಿಯುತ್ತದೆ. ವಯಸ್ಸಾದ ಅಪ್ಪ ಅಮ್ಮ ಕಚೇರಿಯಿಂದ ಕಚೇರಿಗೆ ಓಡಾಡಬೇಕಾಗುತ್ತದೆ. ಹಾಗಾಗಿ ಯಾವುದನ್ನು ಇಲ್ಲೇ ಮುಗಿಸಬೇಕು, ಯಾವುದನ್ನು ಅಲ್ಲಿ ಮಾಡಬೇಕು ಅಂತ ಬೇರೆ ಮಾಡಿಕೊಂಡೇ ಹೇಳುತ್ತೇನೆ.

ಮೊದಲು ಹೆಸರು. ಇದನ್ನು ನೀವು ಪ್ರಶ್ನೆಯಲ್ಲಿ ಒಂದು ಸಾಲಲ್ಲಿ ಹೇಳಿ ಮುಂದೆ ಹೋಗಿದ್ದೀರಿ, ಆದರೆ ನನ್ನ ಪ್ರಕಾರ ನಿಮ್ಮ ಕಾಗದಗಳಲ್ಲಿ ದೊಡ್ಡ ತೊಂದರೆ ಇರುವುದು ಇಲ್ಲೇ. ನಮ್ಮ ಕಡೆ ಸರ್‌ನೇಮ್ ಅಂತ ಇಟ್ಟುಕೊಳ್ಳುವವರು ಕಡಿಮೆ. ಊರಿನದ್ದೊಂದು ಅಕ್ಷರ, ಅಪ್ಪನದ್ದೊಂದು ಅಕ್ಷರ, ಆಯಿತು. ಉದಾಹರಣೆಗೆ ಕೋಣಂದೂರಿನ ಶ್ರೀನಿವಾಸ ಅವರ ಮಗ ಮಂಜುನಾಥ ಅಂತ ಇಟ್ಟುಕೊಳ್ಳಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ಮಂಜುನಾಥ ಕೆ.ಎಸ್. ಅಂತ ಇರುತ್ತದೆ. ಆಧಾರ್‌ನಲ್ಲಿ ಇನಿಷಿಯಲ್ ಮುಂದಕ್ಕೆ ಬಂದಿರುತ್ತದೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಮಂಜುನಾಥ ಕೋಣಂದೂರು ಶ್ರೀನಿವಾಸ ಅಂತ ಮೂರೂ ಗಿವನ್ ನೇಮ್ ಜಾಗದಲ್ಲಿ ಕೂತಿರುತ್ತವೆ, ಸರ್‌ನೇಮ್ ಖಾಲಿ. ಲೈಸೆನ್ಸಲ್ಲಿ ಬರೀ ಮಂಜುನಾಥ್, ಅದೂ ಇಂಗ್ಲಿಷ್ ಸ್ಪೆಲ್ಲಿಂಗಿನ ಕೊನೆಯ 'ಎ' ಇಲ್ಲದೆ. ಇಲ್ಲಿ ಯಾವ ಬ್ಯಾಂಕಿನವರೂ ಇದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಅಲ್ಲಿಯ ಗುಮಾಸ್ತರಿಗೆ ಮಾತ್ರ ಇವು ನಾಲ್ಕು ಬೇರೆ ಬೇರೆ ಜನರ ಕಾಗದದ ಹಾಗೆ ಕಾಣುತ್ತವೆ, ಅವರನ್ನು ದೂರಿ ಪ್ರಯೋಜನ ಇಲ್ಲ.

ಸರ್‌ನೇಮ್ ಖಾಲಿ ಇದ್ದರೆ ಜರ್ಮನಿ ವೀಸಾ ಸಿಗುವುದೇ ಇಲ್ಲ ಅಂತ ಹೆದರಿಸುವವರಿದ್ದಾರೆ, ಅದು ಸುಳ್ಳು. ವೀಸಾ ಸಿಗುತ್ತದೆ. ತೊಂದರೆ ಶುರುವಾಗುವುದು ಅದಾದ ಮೇಲೆ. ಅಲ್ಲಿಯ ಕಂಪ್ಯೂಟರಿಗೆ ಮನೆತನದ ಹೆಸರು ಅನ್ನುವ ಜಾಗ ತುಂಬಲೇಬೇಕು. ಹಾಗಾಗಿ ನಿಮ್ಮ ಪೂರ್ತಿ ಹೆಸರನ್ನು ಎತ್ತಿ ಆ ಜಾಗಕ್ಕೆ ಹಾಕಿ, ಮೊದಲ ಹೆಸರಿನ ಜಾಗದಲ್ಲಿ ಒಂದು ಗೆರೆ ಎಳೆಯುತ್ತಾರೆ. ಆಮೇಲೆ ಬ್ಯಾಂಕಿನವರು ಒಂದು ಥರ ಬರೆಯುತ್ತಾರೆ, ಆರೋಗ್ಯ ವಿಮೆಯವರು ಇನ್ನೊಂದು ಥರ, ಕಂಪನಿಯ ಸಂಬಳದ ವಿಭಾಗ ಮತ್ತೊಂದು ಥರ. ಒಂದೊಂದನ್ನೂ ಸರಿ ಮಾಡಿಸಲು ಒಂದೊಂದು ಪತ್ರ, ಒಂದೊಂದು ಅಪಾಯಿಂಟ್‌ಮೆಂಟ್. ಅಂದ ಹಾಗೆ, ಯುಎಇಯವರು 2022ರ ನವೆಂಬರಿನಿಂದ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ಕೊಡುವಾಗ ತಕರಾರು ತೆಗೆಯುತ್ತಿದ್ದಾರೆ. ದಾರಿಯಲ್ಲಿ ದುಬೈ ನೋಡಿಕೊಂಡು ಹೋಗೋಣ ಅಂತ ಯೋಚನೆ ಇದ್ದರೆ ಇದು ಗಮನದಲ್ಲಿರಲಿ.

ವೀಸಾ ಅಪಾಯಿಂಟ್‌ಮೆಂಟ್ ಇನ್ನೂ ತಗೊಂಡಿಲ್ಲ ಅಂದಿದ್ದೀರಿ. ಹಾಗಾದರೆ ಈಗಲೇ ಶಿವಮೊಗ್ಗದ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ರೀಇಶ್ಯೂಗೆ ಹಾಕಿ, ಹೆಸರನ್ನು ಎರಡು ಭಾಗ ಮಾಡಿಸಿಕೊಳ್ಳಿ. ಸರ್‌ನೇಮ್ ಜಾಗಕ್ಕೆ ಊರಿನ ಹೆಸರು ಹಾಕಬೇಕಾ, ಅಪ್ಪನ ಹೆಸರಾ ಅಂತ ತುಂಬಾ ಜನ ಕೇಳುತ್ತಾರೆ. ಮಾರ್ಕ್ಸ್ ಕಾರ್ಡಿನ ಇನಿಷಿಯಲ್ಲಿಗೆ ಹೊಂದುವ ಯಾವುದಾದರೂ ಸರಿ, ಆದರೆ ಮಗಳಿಗೂ ಅದನ್ನೇ ಇಡಿ. ಅಪ್ಪನ ಸರ್‌ನೇಮ್ ಒಂದು, ಮಗಳದ್ದು ಇನ್ನೊಂದು ಆದರೆ ಅಂಗನವಾಡಿ ಸೀಟಿನಿಂದ ಹಿಡಿದು ವಿಮಾನ ನಿಲ್ದಾಣದವರೆಗೆ ನೀವು ಉತ್ತರ ಕೊಡುತ್ತಲೇ ಇರಬೇಕಾಗುತ್ತದೆ. ಹೆಂಡತಿಯ ಹೆಸರು ಬದಲಾಯಿಸುವ ಅಗತ್ಯ ಇಲ್ಲ. ಗಂಡ ಹೆಂಡತಿಯ ಸರ್‌ನೇಮ್ ಬೇರೆ ಇರುವುದು ಅಲ್ಲಿ ಹೊಸದೇನಲ್ಲ, ಮದುವೆ ಸರ್ಟಿಫಿಕೇಟ್ ಸರಿ ಇದ್ದರೆ ಆಯಿತು. ಹೊಸ ಪಾಸ್‌ಪೋರ್ಟ್ ಕೈಗೆ ಬಂದ ಕೂಡಲೇ ಕಂಪನಿಯವರಿಗೆ ಹೇಳಿ, ಕೆಲಸದ ಕರಾರು ಪತ್ರವನ್ನು ಅದೇ ಹೆಸರಲ್ಲಿ ಮತ್ತೆ ತರಿಸಿಕೊಳ್ಳಿ. ನಿಮಗಿರುವಷ್ಟು ಸಮಯ ಇಲ್ಲದೆ ಆಗಲೇ ವೀಸಾ ಅರ್ಜಿ ಹಾಕಿದವರಿಗೆ ನಾನು ಹೇಳುವುದು ಬೇರೆ: ಈಗ ಪಾಸ್‌ಪೋರ್ಟ್ ಮುಟ್ಟಬೇಡಿ, ಇರುವ ಹೆಸರನ್ನೇ ಎಲ್ಲ ಕಡೆ ಅಕ್ಷರ ಬಿಡದೆ ಬರೆಯಿರಿ.

ಊರಿನ ಹೆಸರೂ ಒಂದು ಸಣ್ಣ ಕಿರಿಕಿರಿ. 2014ರ ನವೆಂಬರ್ 1ರಂದು ಶಿಮೊಗ ಅಧಿಕೃತವಾಗಿ ಶಿವಮೊಗ್ಗ ಆಯಿತು. ಅದಕ್ಕಿಂತ ಹಿಂದಿನ ಇಂಗ್ಲಿಷ್ ಕಾಗದಗಳಲ್ಲಿ ಹಳೇ ಹೆಸರು ಇರುತ್ತದೆ, ಈಚಿನವುಗಳಲ್ಲಿ ಹೊಸದು. ಹುಟ್ಟಿದ ಊರು ಅನ್ನುವಲ್ಲಿ ಎರಡು ಬೇರೆ ಹೆಸರು ಕಂಡರೆ ಅವರು ಕೇಳಿಯೇ ಕೇಳುತ್ತಾರೆ. ಪಾಸ್‌ಪೋರ್ಟಿನಲ್ಲಿ ಏನಿದೆಯೋ ಅದನ್ನೇ ಎಲ್ಲ ಅರ್ಜಿಯಲ್ಲೂ ಬರೆಯಿರಿ, ಕೇಳಿದರೆ ಎರಡೂ ಒಂದೇ ಊರು ಅಂತ ಹೇಳಿದರೆ ಸಾಕು.

ಇನ್ನು ಜನನ ಪ್ರಮಾಣಪತ್ರ. ಮಗಳದ್ದು ಸುಲಭ, ಆಸ್ಪತ್ರೆಯಲ್ಲಿ ಹುಟ್ಟಿ ನೋಂದಣಿ ಆಗಿರುತ್ತದೆ. ಅದರಲ್ಲಿ ಮಗುವಿನ ಹೆಸರು ಬಂದಿದೆಯಾ, ನಿಮ್ಮಿಬ್ಬರ ಹೆಸರು ಪಾಸ್‌ಪೋರ್ಟಿನಂತೆಯೇ ಇದೆಯಾ ಅಂತ ಮಾತ್ರ ನೋಡಿ. 2023ರ ಅಕ್ಟೋಬರ್ 1 ಮತ್ತು ಅದರ ನಂತರ ಹುಟ್ಟಿದ ಮಕ್ಕಳ ಪಾಸ್‌ಪೋರ್ಟಿಗೆ ಹುಟ್ಟಿದ ದಿನದ ದಾಖಲೆ ಅಂತ ಜನನ ಪ್ರಮಾಣಪತ್ರ ಒಂದೇ ನಡೆಯುವುದು, ಹಾಗಾಗಿ ಅದರಲ್ಲಿ ತಪ್ಪಿದ್ದರೆ ಪಾಸ್‌ಪೋರ್ಟಿಗೆ ಕೂರುವ ಮುಂಚೆಯೇ ತಿದ್ದಿಸಿ. ನಿಮ್ಮದು, ನಿಮ್ಮ ಹೆಂಡತಿಯದು ಹೇಗಿದೆ ಅಂತ ಬರೆದಿಲ್ಲ. ಮಲೆನಾಡಿನ ಹಳ್ಳಿಗಳಲ್ಲಿ ಮನೆಯಲ್ಲೇ ಹೆರಿಗೆ ಆದ ಎಷ್ಟೋ ಜನರ ದಾಖಲೆಯಲ್ಲಿ ಹೆಸರೇ ಇರುವುದಿಲ್ಲ. ಗಂಡು ಮಗು, ತಂದೆ ಇಂಥವರು, ಅಷ್ಟೇ. ಕೆಲವರದ್ದು ನೋಂದಣಿಯೇ ಆಗಿರುವುದಿಲ್ಲ. ಒಂದು ವರ್ಷ ದಾಟಿದ ನೋಂದಣಿಗೆ ಮುಂಚೆ ಕೋರ್ಟಿನ ಮೆಟ್ಟಿಲು ಹತ್ತಬೇಕಿತ್ತು, 2023ರ ತಿದ್ದುಪಡಿ ಆದಮೇಲೆ ಡಿಸಿ ಅಥವಾ ಎಸಿ ಮಟ್ಟದ ಮ್ಯಾಜಿಸ್ಟ್ರೇಟ್ ಆದೇಶದ ಮೇಲೆ ಆಗುತ್ತದೆ. ಕೆಲಸದ ವೀಸಾಗೆ ಇದು ಸಾಮಾನ್ಯವಾಗಿ ಬೇಕಾಗುವುದಿಲ್ಲ. ಆದರೆ ಅಲ್ಲಿ ಎರಡನೇ ಮಗು ಹುಟ್ಟಿತು ಅಂದುಕೊಳ್ಳಿ, ಅದರ ಜನನ ನೋಂದಣಿಗೆ ಅಪ್ಪ ಅಮ್ಮನ ಜನನ ಪ್ರಮಾಣಪತ್ರವನ್ನೂ ಮದುವೆ ಸರ್ಟಿಫಿಕೇಟನ್ನೂ ಕೇಳುತ್ತಾರೆ. ಬಾಣಂತಿಯನ್ನು ಮನೆಯಲ್ಲಿ ಬಿಟ್ಟು ತೀರ್ಥಹಳ್ಳಿಗೆ ಫೋನ್ ಮಾಡುತ್ತಾ ಕೂರುವ ಪರಿಸ್ಥಿತಿ ಬೇಡ, ಇವತ್ತೇ ಮಾಡಿಸಿ. ಮದುವೆ ಸರ್ಟಿಫಿಕೇಟ್ ಅಂದರೆ ಸಬ್ ರಿಜಿಸ್ಟ್ರಾರ್ ಕಚೇರಿಯದ್ದು, ಕಲ್ಯಾಣ ಮಂಟಪದವರು ಕೊಟ್ಟ ಚೀಟಿ ನಡೆಯುವುದಿಲ್ಲ. ಲಗ್ನಪತ್ರಿಕೆ ಒಂದೆರಡು ಪ್ರತಿ ಇನ್ನೂ ಮನೆಯಲ್ಲಿದ್ದರೆ ಜೋಪಾನವಾಗಿಡಿ, ನೋಂದಣಿಗೆ ಅದು ಬೇಕು.

ಏಜೆಂಟ್ ಹೇಳಿದ ಅಪೋಸ್ಟಿಲ್ ವಿಚಾರಕ್ಕೆ ಬರೋಣ. ಅಪೋಸ್ಟಿಲ್ ಒಪ್ಪಂದ ಭಾರತಕ್ಕೆ 2005ರ ಜುಲೈನಿಂದ ಅನ್ವಯ ಆಗಿದೆ. ಆದರೆ ಭಾರತ ಸೇರಿದಾಗ ಆಕ್ಷೇಪ ಎತ್ತಿದ ದೇಶಗಳಲ್ಲಿ ಜರ್ಮನಿಯೂ ಒಂದು. ಹಾಗಾಗಿ ನಮ್ಮ ಕಾಗದಕ್ಕೆ ಸ್ಟಿಕ್ಕರ್ ಅಂಟಿಸಿದ ಕೂಡಲೇ ಅಲ್ಲಿ ಪ್ರಶ್ನೆಯಿಲ್ಲದೆ ಒಪ್ಪುತ್ತಾರೆ ಅಂತಿಲ್ಲ. ಅವರಿಗೆ ಅನುಮಾನ ಬಂದರೆ ತಮ್ಮ ರಾಯಭಾರ ಕಚೇರಿ ಮೂಲಕ ಮೂಲ ದಾಖಲೆಯನ್ನೇ ಪರಿಶೀಲನೆ ಮಾಡಿಸುತ್ತಾರೆ. ವಿದೇಶಾಂಗ ಇಲಾಖೆಯ ಅಪೋಸ್ಟಿಲ್ ಶುಲ್ಕ ಒಂದು ಕಾಗದಕ್ಕೆ 50 ರೂಪಾಯಿ. ಅದರ ಮೇಲೆ ಏಜೆನ್ಸಿ ಶುಲ್ಕ, ಅದಕ್ಕೂ ಮುಂಚೆ ರಾಜ್ಯ ಇಲಾಖೆಯ ದೃಢೀಕರಣ. ಇದನ್ನೆಲ್ಲ ಸೇರಿಸಿ ಯಾರಾದರೂ ಸಾವಿರಗಟ್ಟಲೆ ಕೇಳಿದರೆ, ಯಾವ ಕಾಗದಕ್ಕೆ, ಯಾವ ಕಚೇರಿ ಕೇಳಿದೆ, ಬರೆದು ತೋರಿಸಿ ಅನ್ನಿ. ವೀಸಾದ ಚೆಕ್‌ಲಿಸ್ಟಿನಲ್ಲಿ ಇಲ್ಲದ್ದಕ್ಕೆ ದುಡ್ಡು ಸುರಿಯಬೇಡಿ. ಅದರ ಬದಲು ನಿಮ್ಮ ಡಿಗ್ರಿ ಮತ್ತು ವಿಶ್ವವಿದ್ಯಾಲಯ ವಿದೇಶಿ ಡಿಗ್ರಿಗಳ ಮಾನ್ಯತೆ ತಿಳಿಸುವ ಜರ್ಮನಿಯ ಅನಾಬಿನ್ ಅನ್ನುವ ಆನ್‌ಲೈನ್ ದಾಖಲೆಯಲ್ಲಿ ಹೇಗೆ ನಮೂದಾಗಿದೆ ಅಂತ ನೋಡಿ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಬ್ಲೂ ಕಾರ್ಡಿಗೆ ಅದು ನಿಜವಾಗಿಯೂ ಬೇಕು.

ಅಲ್ಲಿಗೆ ಹೋದ ಮೇಲೆ ಎಲ್ಲಕ್ಕೂ ಬೇರು ವಿಳಾಸ ನೋಂದಣಿ. ಅನ್‌ಮೆಲ್ಡುಂಗ್ ಅಂತಾರೆ. ಮನೆಗೆ ಹೋದ ಎರಡು ವಾರದೊಳಗೆ ಮಾಡಿಸಬೇಕು ಅಂತ ಕಾನೂನು. ಅದಕ್ಕೆ ಬಾಡಿಗೆ ಕರಾರು ಸಾಕಾಗುವುದಿಲ್ಲ, ಇವರು ನಮ್ಮ ಮನೆಗೆ ಬಂದಿದ್ದಾರೆ ಅಂತ ಮನೆ ಮಾಲೀಕರು ಸಹಿ ಮಾಡಿದ ಪ್ರತ್ಯೇಕ ಹಾಳೆ ಬೇಕು. ಮೊದಲ ಒಂದೆರಡು ತಿಂಗಳಿಗೆ ರೂಮು ಹಿಡಿಯುವಾಗಲೇ ಆ ಹಾಳೆ ಕೊಡುತ್ತೀರಾ ಅಂತ ಕೇಳಿ. ಕೊಡದ ಜಾಗ ಎಷ್ಟೇ ಅಗ್ಗ ಇದ್ದರೂ ಬೇಡ, ಯಾಕೆಂದರೆ ಆ ಹಾಳೆ ಇಲ್ಲದೆ ನೋಂದಣಿ ಇಲ್ಲ, ನೋಂದಣಿ ಇಲ್ಲದೆ ತೆರಿಗೆ ನಂಬರ್ ಬರುವುದಿಲ್ಲ, ವಿದೇಶಿಯರ ಕಚೇರಿಯಲ್ಲಿ ಕಡತವೇ ತೆರೆಯುವುದಿಲ್ಲ. ಇನ್ನೊಂದು ಮಾತು, ಸಣ್ಣದು ಅಂತ ಬಿಡಬೇಡಿ. ಅಂಚೆ ಡಬ್ಬಿಯ ಮೇಲೆ ಮತ್ತು ಕಾಲಿಂಗ್ ಬೆಲ್ ಪಕ್ಕ ನಿಮ್ಮ ಹೆಸರಿನ ಚೀಟಿ ಅಂಟಿಸಿ. ನಮ್ಮೂರಲ್ಲಾದರೆ ಪೋಸ್ಟ್‌ಮ್ಯಾನ್ ಮನೆತನದ ಹೆಸರು ನೋಡಿ ತೋಟ ದಾಟಿ ಬಂದು ಕೊಡುತ್ತಾರೆ. ಅಲ್ಲಿ ಅಪಾರ್ಟ್‌ಮೆಂಟಿಗೆ ಮನೆ ನಂಬರ್ ಇರುವುದಿಲ್ಲ, ಬಾಗಿಲಲ್ಲಿರುವ ಹೆಸರು ನೋಡಿಯೇ ಕಾಗದ ಹಾಕುವುದು. ಹೆಸರಿಲ್ಲದಿದ್ದರೆ ಪತ್ರ ವಾಪಸ್. ತೆರಿಗೆ ನಂಬರ್, ಬ್ಯಾಂಕ್ ಕಾರ್ಡ್, ಅದರ ಪಿನ್, ಎಲ್ಲ ಅಂಚೆಯಲ್ಲೇ ಬರುವುದರಿಂದ ಆ ಒಂದು ಚೀಟಿ ಇಲ್ಲದೆ ಸಂಬಳಕ್ಕೇ ಒದ್ದಾಡಿದವರನ್ನು ನೋಡಿದ್ದೇನೆ. ಆ ಚೀಟಿಯಲ್ಲೂ ನೋಂದಣಿಯಲ್ಲಿರುವ ಸರ್‌ನೇಮೇ ಇರಲಿ. ಕೆಲವು ವಾರ ಬಿಟ್ಟು ರೇಡಿಯೋ ಟಿವಿ ಶುಲ್ಕ ಕಟ್ಟಿ ಅಂತ ಒಂದು ಪತ್ರ ಬರುತ್ತದೆ, ತಿಂಗಳಿಗೆ 18.36 ಯೂರೋ. ಅದು ಮೋಸದ ಪತ್ರ ಅಲ್ಲ, ಟಿವಿ ಇಲ್ಲದಿದ್ದರೂ ಮನೆಗೆ ಒಂದರಂತೆ ಕಟ್ಟಬೇಕು.

ವೀಸಾ ಮುಗಿಯುವ ಮುಂಚೆ ಬ್ಲೂ ಕಾರ್ಡಿಗೆ ಅಲ್ಲಿಯ ವಿದೇಶಿಯರ ಕಚೇರಿಯಲ್ಲಿ ಅರ್ಜಿ ಹಾಕಬೇಕು. ಅಪಾಯಿಂಟ್‌ಮೆಂಟ್ ಸಿಗುವುದು ಬಹಳ ಕಡೆ ತಡ, ಅದಕ್ಕೆ ಹೆದರಬೇಡಿ. ಮುಖ್ಯವಾದದ್ದು ಅರ್ಜಿ ಕೊಟ್ಟ ದಿನ. ವೀಸಾ ಇನ್ನೂ ಇರುವಾಗಲೇ ಅರ್ಜಿ ಹಾಕಿದ್ದರೆ, ತೀರ್ಮಾನ ಆಗುವವರೆಗೆ ಹಳೆಯ ಹಕ್ಕೇ ಮುಂದುವರಿಯುತ್ತದೆ, ಕೆಲಸವನ್ನೂ ಮಾಡಬಹುದು. ಆನ್‌ಲೈನಲ್ಲಿ ಹಾಕಿದರೆ ದಿನಾಂಕ ಇರುವ ರಸೀತಿಯನ್ನು ಉಳಿಸಿಕೊಳ್ಳಿ. ಕೇಳಿದರೆ ಒಂದು ತಾತ್ಕಾಲಿಕ ಪತ್ರ ಕೊಡುತ್ತಾರೆ, ಫಿಕ್ಷಿಯೋನ್ಸ್‌ಬೆಶೈನಿಗುಂಗ್ ಅಂತ ಹೆಸರು. ಅದನ್ನು ಕೈಗೆ ತಗೊಂಡ ಕೂಡಲೇ ಒಳಗೆ ಯಾವ ಚೌಕದಲ್ಲಿ ಗುರುತು ಹಾಕಿದ್ದಾರೆ ಅಂತ ನೋಡಿ. ವಾಸದ ಕಾನೂನಿನ 81ನೇ ಕಲಮಿನ 4ನೇ ಭಾಗ ಅಂತ ಇದ್ದರೆ ದೇಶ ಬಿಟ್ಟು ಹೋಗಿ ವಾಪಸ್ ಬರಬಹುದು. 3ನೇ ಭಾಗಕ್ಕೆ ಗುರುತು ಇದ್ದರೆ ಹೋದವರು ಅದೇ ಕಾಗದ ತೋರಿಸಿ ಒಳಗೆ ಬರುವ ಹಾಗಿಲ್ಲ. ನಿಮ್ಮಂತೆ ಕೆಲಸದ ವೀಸಾ ಮೇಲೆ ಬಂದವರಿಗೆ 4ನೆಯದೇ ಸಿಗಬೇಕು. ಆದರೂ ದೀಪಾವಳಿಗೋ ತಂಗಿ ಮದುವೆಗೋ ಟಿಕೆಟ್ ಮಾಡುವ ಮುಂಚೆ ಒಮ್ಮೆ ಕಣ್ಣಾಡಿಸಿ, ತಪ್ಪಿದ್ದರೆ ಅಲ್ಲೇ ನಿಂತು ಕೇಳಿ. ಆ ಕಾಗದದ ಮೇಲೆ ಪ್ರಯಾಣ ಮಾಡುವುದಾದರೆ ಬೆಂಗಳೂರಿಗೆ ನೇರ ವಿಮಾನವೇ ಒಳ್ಳೆಯದು, ಬೇರೆ ದೇಶದ ಕೌಂಟರಿನಲ್ಲಿ ಅದನ್ನು ವಿವರಿಸುವ ಕಷ್ಟ ತಪ್ಪುತ್ತದೆ.

ನೀವು ಬ್ಲೂ ಕಾರ್ಡ್ ಆದ್ದರಿಂದ ಹೆಂಡತಿಗೆ ಜರ್ಮನ್ ಭಾಷೆಯ ಎ1, ಅಂದರೆ ಮೊದಲ ಹಂತದ ಪರೀಕ್ಷೆಯ ಕಟ್ಟಳೆ ಇಲ್ಲ, ಬಂದ ದಿನದಿಂದಲೇ ಕೆಲಸ ಮಾಡುವ ಹಕ್ಕೂ ಇದೆ. ಆದರೂ ಭಾಷೆ ಕಲಿತು ಬರಲಿ ಅಂತ ನಾನು ಒತ್ತಿ ಹೇಳುತ್ತೇನೆ, ಮಗುವನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವವರು ಅವರೇ ಅಲ್ವಾ. ನಿಮಗೂ ಲಾಭ ಇದೆ. ಬ್ಲೂ ಕಾರ್ಡಿನವರಿಗೆ ಕಾಯಂ ವಾಸದ ಅನುಮತಿ ಎ1 ಇದ್ದರೆ 27 ತಿಂಗಳಿಗೆ, ಅದಕ್ಕಿಂತ ಎರಡು ಹಂತ ಮೇಲಿನ ಬಿ1 ಇದ್ದರೆ 21 ತಿಂಗಳಿಗೆ ಸಿಗುತ್ತದೆ.

ಈಗ ಲೈಸೆನ್ಸ್. ಇಂಟರ್‌ನ್ಯಾಷನಲ್ ಪರ್ಮಿಟ್ ಸಾಕಾ ಅಂದರೆ, ಸಾಕಾಗುವುದಿಲ್ಲ. ಆ ಪುಸ್ತಕ ನಿಮ್ಮ ಲೈಸೆನ್ಸಿನ ಅನುವಾದ ಇದ್ದ ಹಾಗೆ ಅಷ್ಟೇ. ಅದರ ಮೇಲೆ ಒಂದು ವರ್ಷ ಅಂತ ಬರೆದಿರುವುದನ್ನು ನೋಡಿ ಜನ ಒಂದು ವರ್ಷ ಓಡಿಸಬಹುದು ಅಂದುಕೊಳ್ಳುತ್ತಾರೆ. ಜರ್ಮನಿಯಲ್ಲಿ ವಾಸ ಶುರುಮಾಡಿದ ಮೇಲೆ ನಮ್ಮ ಲೈಸೆನ್ಸ್ ನಡೆಯುವುದು ಆರು ತಿಂಗಳು. ಏಳನೇ ತಿಂಗಳು ಸ್ಟೇರಿಂಗ್ ಹಿಡಿದರೆ ಲೈಸೆನ್ಸ್ ಇಲ್ಲದೆ ಓಡಿಸಿದ ಲೆಕ್ಕ. ಅಲ್ಲಿ ಅದು ಬರೀ ದಂಡ ಕಟ್ಟಿ ಬರುವ ವಿಷಯ ಅಲ್ಲ, ಕ್ರಿಮಿನಲ್ ಅಪರಾಧ. ಅದು ಮುಂದೆ ವಾಸದ ಅನುಮತಿಗೂ ಅಡ್ಡ ಬರಬಹುದು. ಹಾಗಾಗಿ ನೋಂದಣಿ ಮಾಡಿಸಿದ ದಿನದಿಂದ ಆರು ತಿಂಗಳು ಲೆಕ್ಕ ಹಾಕಿ ಆ ತಾರೀಖನ್ನು ಫೋನಲ್ಲಿ ಗುರುತು ಮಾಡಿಡಿ. ಹೆಂಡತಿ ಇಲ್ಲೇ ಲೈಸೆನ್ಸ್ ಮಾಡಿಸಿಕೊಂಡು ಆಮೇಲೆ ಬಂದರೆ ಅವರ ಆರು ತಿಂಗಳು ಬೇರೆ.

ಅಲ್ಲಿಯ ಲೈಸೆನ್ಸಿಗೆ ಬದಲಾಯಿಸಿಕೊಳ್ಳಬಹುದು. ಕೆಲವು ದೇಶದವರಿಗೆ ಪರೀಕ್ಷೆ ಇಲ್ಲದೆ ಬದಲಾಯಿಸಿ ಕೊಡುತ್ತಾರೆ, ಆ ಪಟ್ಟಿಯಲ್ಲಿ ಭಾರತ ಇಲ್ಲ. ನಮಗೆ ಬರೆಯುವ ಪರೀಕ್ಷೆ, ಓಡಿಸುವ ಪರೀಕ್ಷೆ ಎರಡೂ ಇವೆ. ಆದರೆ ಕಡ್ಡಾಯ ತರಗತಿಗಳಿಲ್ಲ, ಇದು ದೊಡ್ಡ ಉಳಿತಾಯ. ಅರ್ಜಿಗೆ ಲೈಸೆನ್ಸ್, ಅದರ ಅನುವಾದ, ಕನ್ನಡಕದ ಅಂಗಡಿಯಲ್ಲಿ ಮಾಡಿಸಿದ ಕಣ್ಣಿನ ಪರೀಕ್ಷೆ, ಪ್ರಥಮ ಚಿಕಿತ್ಸೆಯ ಒಂದು ದಿನದ ತರಬೇತಿ, ಫೋಟೋ ಬೇಕು. ಅರ್ಜಿ ಮಂಜೂರಾಗಲು ವಾರಗಟ್ಟಲೆ ಆಗುತ್ತದೆ, ಆದ್ದರಿಂದ ಮೊದಲ ತಿಂಗಳಲ್ಲೇ ಹಾಕಿ. ಆರು ತಿಂಗಳು ದಾಟಿದರೂ ಬದಲಾಯಿಸುವ ಅವಕಾಶ ಹೋಗುವುದಿಲ್ಲ, ಓಡಿಸುವ ಹಕ್ಕು ಮಾತ್ರ ನಿಲ್ಲುತ್ತದೆ. ಬರೆಯುವ ಪರೀಕ್ಷೆ ಇಂಗ್ಲಿಷಲ್ಲಿ ಇದೆ. 30 ಪ್ರಶ್ನೆ, ತಪ್ಪಿಗೆ ಅಂಕ ಸೇರುತ್ತಾ ಹೋಗಿ 10ರ ಮೇಲೆ ಹೋದರೆ ಫೇಲ್. ಐದು ಅಂಕದ ಪ್ರಶ್ನೆ ಎರಡು ತಪ್ಪಿದರೂ ಫೇಲ್.

ಓಡಿಸುವ ಪರೀಕ್ಷೆ ಸುಮಾರು 55 ನಿಮಿಷ, ಜರ್ಮನಿನಲ್ಲೇ. ಡ್ರೈವಿಂಗ್ ಶಾಲೆಯ ಕಾರಿನಲ್ಲಿ, ಪಕ್ಕದಲ್ಲಿ ಶಿಕ್ಷಕರು, ಹಿಂದೆ ಪರೀಕ್ಷಕರು. ಆಗುಂಬೆ ಘಾಟಿಯಲ್ಲಿ ಮಳೆಗಾಲದಲ್ಲಿ ಬಸ್ಸಿಗೆ ದಾರಿ ಬಿಟ್ಟು ಕಾರು ಇಳಿಸುವ ನಮ್ಮವರಿಗೆ ಇದೇನು ಮಹಾ ಅನ್ನಿಸುತ್ತದೆ, ಅಲ್ಲೇ ಎಡವುವುದು. ಗಾಡಿ ಹಿಡಿತದಲ್ಲಿಡುವುದು ನಮಗೆ ಚೆನ್ನಾಗಿ ಬರುತ್ತದೆ, ಅವರು ನೋಡುವುದು ಬೇರೆ. ಬೋರ್ಡು, ಸಿಗ್ನಲ್ ಏನೂ ಇಲ್ಲದ ಮನೆಗಳ ಬೀದಿಯಲ್ಲಿ ಬಲಗಡೆಯಿಂದ ಬರುವ ಗಾಡಿಗೆ ಮೊದಲು ದಾರಿ. ಅದು ಎಷ್ಟೇ ಸಣ್ಣ ಓಣಿಯಿಂದ ಬರಲಿ, ನೀವು ಎಷ್ಟೇ ಅಗಲ ರಸ್ತೆಯಲ್ಲಿರಿ. ನಮ್ಮಲ್ಲಿ ದೊಡ್ಡ ರಸ್ತೆಯವನು ಮುಂದೆ ಹೋಗುತ್ತಾನೆ, ಆ ಅಭ್ಯಾಸ ಕೈಕಾಲಿಗೆ ಹತ್ತಿರುತ್ತದೆ. ಹಾಗಾಗಿ ಪ್ರತಿ ಓಣಿಯ ಬಾಯಲ್ಲೂ ವೇಗ ಇಳಿಸಿ, ಪರೀಕ್ಷಕರಿಗೆ ಕಾಣುವಂತೆ ಬಲಕ್ಕೆ ತಲೆ ತಿರುಗಿಸಿ ನೋಡಬೇಕು. ಲೇನ್ ಬದಲಿಸುವಾಗ, ತಿರುಗುವಾಗ ಕನ್ನಡಿ ಸಾಲದು, ಭುಜದ ಮೇಲಿಂದ ಹಿಂದೆ ನೋಡಬೇಕು, ಸೈಕಲ್ಲಿನವರು ಅಲ್ಲೇ ಇರುತ್ತಾರೆ. ತಿರುವಲ್ಲಿ ಹಾರ್ನ್ ಒತ್ತುವ ಅಭ್ಯಾಸವನ್ನು ಪೂರ್ತಿ ಬಿಡಿ. ನಾಲ್ಕೈದು ಪಾಠಕ್ಕಾದರೂ ದುಡ್ಡು ಕೊಡಿ, ನಾನು ಇಪ್ಪತ್ತು ವರ್ಷದಿಂದ ಓಡಿಸುತ್ತಿದ್ದೇನೆ ಅಂತ ನೇರ ಪರೀಕ್ಷೆಗೆ ಕೂತವರೇ ಜಾಸ್ತಿ ಫೇಲ್ ಆಗುವುದು.

ಪಾಸಾದ ಮೇಲೆ ನಮ್ಮ ಲೈಸೆನ್ಸನ್ನು ಅವರು ತೆಗೆದುಕೊಂಡು ಅವರದ್ದನ್ನು ಕೊಡುತ್ತಾರೆ, ಎರಡೂ ಕಡೆಯ ಕಲರ್ ಪ್ರತಿ ಮೊದಲೇ ಇಟ್ಟುಕೊಳ್ಳಿ. ನಿಮ್ಮದು ಹತ್ತು ತಿಂಗಳಿಗೆ ಮುಗಿಯುತ್ತದೆ ಅಂದಿರಲ್ಲ, ಹಾಗೇ ಹೋಗಬೇಡಿ. ಮುಗಿಯುವ ಒಂದು ವರ್ಷ ಮುಂಚಿನಿಂದ ನವೀಕರಣ ಮಾಡಿಸಬಹುದು, ಅಂದರೆ ಈಗಲೇ ಆಗುತ್ತದೆ. ಶಿವಮೊಗ್ಗದ ಕೆಎ 14 ಆರ್‌ಟಿಒ ಕಚೇರಿಗೆ ಹೋದಾಗ ಅದೇ ಅರ್ಜಿಯಲ್ಲಿ ಹೆಸರನ್ನೂ ಪಾಸ್‌ಪೋರ್ಟಿನಂತೆ ತಿದ್ದಿಸಿ, ಹಳೆಯ ಪುಸ್ತಕದ ಲೈಸೆನ್ಸ್ ಆಗಿದ್ದರೆ ಸ್ಮಾರ್ಟ್ ಕಾರ್ಡ್ ಮಾಡಿಸಿಕೊಳ್ಳಿ. ಹಾಗಾಗಿ ಪಾಸ್‌ಪೋರ್ಟ್ ಮೊದಲು, ಆರ್‌ಟಿಒ ಆಮೇಲೆ. ಮೊದಲು ಪಡೆದ ದಿನಾಂಕ ಕಾರ್ಡಿನಲ್ಲಿ ಉಳಿದಿದೆಯಾ ಅಂತ ಅಲ್ಲೇ ನೋಡಿ. ಬರೀ ನವೀಕರಣದ ದಿನಾಂಕ ಇದ್ದರೆ, ಇದು ಜರ್ಮನಿಗೆ ಬರುವ ಮುಂಚೆ ಎಷ್ಟು ವರ್ಷದ ಲೈಸೆನ್ಸ್ ಅಂತ ತೋರಿಸುವುದು ಕಷ್ಟ, ಹಾಗಿದ್ದರೆ ಡಿಎಲ್ ಎಕ್ಸ್‌ಟ್ರಾಕ್ಟ್ (ಆರ್‌ಟಿಒ ದಾಖಲೆಯಿಂದ ತೆಗೆದ ಲೈಸೆನ್ಸಿನ ವಿವರದ ಪ್ರತಿ) ಕೂಡ ತಗೊಳ್ಳಿ.

ಕೊನೆಯದಾಗಿ ನಿಮ್ಮ ಹೆಂಡತಿಯ ಲೈಸೆನ್ಸ್. ಅಲ್ಲೇ ಹೋಗಿ ಮಾಡಿಸಬಹುದು, ಆದರೆ ನಾನು ಬೇಡ ಅಂತೀನಿ. ಅಲ್ಲಿ ಹೊಸದಾಗಿ ಕಲಿಯುವವರಿಗೆ ಒಂದೂವರೆ ಗಂಟೆಯ 14 ಥಿಯರಿ ಪಾಠ ಕಡ್ಡಾಯ, ಹೈವೇ, ರಾತ್ರಿ ಅಂತ 12 ವಿಶೇಷ ಪಾಠ ಕಡ್ಡಾಯ, ಅದರ ಮೇಲೆ ಸಾಮಾನ್ಯ ಪಾಠಗಳು. ಎಲ್ಲ ಸೇರಿ ಎರಡೂವರೆ ಸಾವಿರ ಯೂರೋ ಸುಲಭವಾಗಿ ದಾಟುತ್ತದೆ. ಇಲ್ಲಿಂದ ಪೂರ್ತಿ ಲೈಸೆನ್ಸ್ ಹಿಡಿದು ಹೋದರೆ ಅವರಿಗೂ ನಿಮ್ಮಂತೆ ಕಡ್ಡಾಯ ಪಾಠ ಇರುವುದಿಲ್ಲ. ಆದರೆ ಅದು ಜರ್ಮನಿಯಲ್ಲಿ ವಾಸ ಶುರುಮಾಡುವ ಮುಂಚೆ ಪಡೆದದ್ದಾಗಿರಬೇಕು. ಒಮ್ಮೆ ಹೋಗಿ ನೆಲೆಸಿದ ಮೇಲೆ ರಜೆಗೆ ಬಂದು ಇಲ್ಲಿ ಮಾಡಿಸಿದ್ದು ಅಲ್ಲಿ ನಡೆಯುವುದಿಲ್ಲ, ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಲೆಕ್ಕಕ್ಕೇ ಇಲ್ಲ. ಎಲ್‌ಎಲ್ ಆಗಿ 30 ದಿನ ಕಳೆದ ಮೇಲೆ ಡಿಎಲ್ ಪರೀಕ್ಷೆಗೆ ಹೋಗಬಹುದು, ಎಲ್‌ಎಲ್‌ಗೆ ಆರು ತಿಂಗಳ ಅವಧಿ ಇದೆ. ನೀವು ಮೊದಲು ಹೋಗಿ ಅವರು ಆಮೇಲೆ ಬರುವುದರಿಂದ ಸಮಯ ಸಾಕಷ್ಟಿದೆ. ಈ ವಾರವೇ ಎಲ್‌ಎಲ್‌ಗೆ ಹಾಕಿಸಿ, ಪಾಸ್‌ಪೋರ್ಟಿನಲ್ಲಿರುವ ಹೆಸರಲ್ಲೇ. ಮತ್ತೆ ಬರೀ ಮೈದಾನದಲ್ಲಿ ಎಂಟು ಹಾಕುವುದನ್ನಷ್ಟೇ ಕಲಿಸಿ ಬಿಡಬೇಡಿ, ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಅವರೇ ಓಡಿಸಿಕೊಂಡು ಬರುವಷ್ಟು ಕೈ ಪಳಗಲಿ.